ಐದನೇ ಕಂಬದ ಎಡೆ

ಬುಡಪತ್ರದ ಕಾನೂನು ಬಂದ ಮೇಲೆ ನಮ್ಮ ಕಡೆ ಹೆಣ್ಣು ಕೊಡುವವರು ಕೇಳುವ ಮೊದಲ ಪ್ರಶ್ನೆಯೇ ಬದಲಾಗಿಹೋಯಿತು. ಹುಡುಗ ಏನು ಮಾಡುತ್ತಾನೆ, ಹೊಲ ಎಷ್ಟಿದೆ ಎಂಬುದೆಲ್ಲ ಆಮೇಲಿನ ಮಾತು. ಮೊದಲು, "ಮನೀ ಎಷ್ಟು ಮೀಟರ್ ರೀ?" ಐದು ಮೀಟರಿನ ಮನೆಯವರು ಎರಡು ಮೀಟರಿನ ಮನೆಗೆ ಮಗಳನ್ನು ಕೊಡಲು ಮೂಗು ಮುರಿಯುತ್ತಿದ್ದರು. ಬಾಗಿಲ ಚೌಕಟ್ಟಿನ ಮೇಲೆ ತೋರಣದ ಪಕ್ಕದಲ್ಲೇ ಆಳದ ಅಂಕಿ ಕೊರೆದ ತಗಡಿನ ಫಲಕ. ನೆಂಟರ ಮನೆಗೆ ಹೋದವರು ಚಪ್ಪಲಿ ಬಿಡುವ ಮೊದಲು ಕತ್ತೆತ್ತಿ ಅದನ್ನು ಓದಿಕೊಂಡು ಒಳಗೆ ಹೋಗುತ್ತಿದ್ದರು.

ಇದಕ್ಕೆಲ್ಲ ಕಾರಣ ಒಂದು ಮಳೆಗಾಲ. ಆ ಒಂದೇ ಮಳೆಗಾಲದಲ್ಲಿ ಏಳು ಸೇತುವೆಗಳು ಕುಸಿದವು. ನಕ್ಷೆ ಹುಡುಕಿದರೆ ನಕ್ಷೆ ಇಲ್ಲ, ಗುತ್ತಿಗೆದಾರನನ್ನು ಹುಡುಕಿದರೆ ಅವನೂ ಇಲ್ಲ. ನೆಲದೊಳಗೆ ಏನಿದೆ ಎಂದು ಬಲ್ಲವರೇ ಇಲ್ಲವೆಂದು ಗೊತ್ತಾದಾಗ ಸರ್ಕಾರಕ್ಕೆ ಎಚ್ಚರವಾಯಿತು. ಮೊದಲು ಸೇತುವೆ, ಟ್ಯಾಂಕು, ಶಾಲೆ, ಆಮೇಲೆ ಮನೆಗಳು. ಪ್ರತಿಯೊಂದರ ಅಡಿಪಾಯ ಎಷ್ಟು ಆಳಕ್ಕಿದೆ ಎಂದು ಅಳೆದು ಪತ್ರ ಕೊಡಬೇಕು. ಅದೇ ಬುಡಪತ್ರ.

ನಾನು ದಾಕ್ಷಾಯಣಿ, ಕೆಂಚನಾಳದ ಬುಡಪತ್ರ ಕಚೇರಿಯಲ್ಲಿ ಸೂಜಿ ಇಳಿಸುವವಳು. ಸೂಜಿ ಎಂದರೆ ಹೊಲಿಯುವುದಲ್ಲ, ಮೊಳದುದ್ದದ ಕೊಳವೆಯೊಳಗೆ ಕೂತ ಕಾಂತಮಾಪಕ. ನೆಲದೊಳಗಿನ ಅಡಿಪಾಯದ ಕಂಬವನ್ನು ನಾವು ಪೈಲು ಎನ್ನುತ್ತೇವೆ. ಅದನ್ನು ಅಗೆದು ನೋಡುವ ಹಾಗಿಲ್ಲ, ಮೇಲೆ ಕಟ್ಟಡ ಕೂತಿರುತ್ತದೆ. ಆದರೆ ಪೈಲಿನೊಳಗೆ ಕಬ್ಬಿಣದ ಪಂಜರವಿರುತ್ತದಲ್ಲ? ವರ್ಷಗಟ್ಟಲೆ ನೆಲದಲ್ಲಿ ನೆಟ್ಟಗೆ ನಿಂತ ಕಬ್ಬಿಣ ಭೂಮಿಯ ಕಾಂತಶಕ್ತಿಯನ್ನು ಹೀರಿ ತಾನೂ ಒಂದು ಬಡಕಲು ಅಯಸ್ಕಾಂತವಾಗುತ್ತದೆ. ಪೈಲಿನಿಂದ ಒಂದು ಮೀಟರ್ ಆಚೆಗೆ ತೆಳ್ಳನೆಯ ಬೋರು ಕೊರೆದು, ಪ್ಲಾಸ್ಟಿಕ್ ಪೈಪು ಇಳಿಸಿ, ಅದರೊಳಗೆ ಸೂಜಿಯನ್ನು ಗೇಣು ಗೇಣಾಗಿ ಬಿಡುತ್ತ ಹೋದರೆ, ಕಬ್ಬಿಣ ಇರುವವರೆಗೆ ತೆರೆಯ ಮೇಲಿನ ಗೆರೆ ತೂಗಾಡುತ್ತದೆ. ಕಬ್ಬಿಣದ ತುದಿಯಲ್ಲಿ ಒಮ್ಮೆ ಜೋರಾಗಿ ಜಿಗಿದು ಆಮೇಲೆ ಸುಮ್ಮನಾಗುತ್ತದೆ. ಎಲ್ಲಿ ಸುಮ್ಮನಾಯಿತೋ ಅಲ್ಲಿ ಬುಡ.

ಮೊದಲೆಲ್ಲ ಆ ಗೆರೆಯನ್ನು ನಾವೇ ಕೂತು ಓದುತ್ತಿದ್ದೆವು. ಹೋದ ವರ್ಷದಿಂದ ಓದುವ ಕೆಲಸವನ್ನೂ ಯಂತ್ರಕ್ಕೇ ಕೊಟ್ಟರು. ಕೊನೆಯ ಕಬ್ಬಿಣ ಎಲ್ಲಿ ಸಿಕ್ಕಿತೋ ಅದೇ ಬುಡವೆಂದು ಅಂಕಿ ಬರೆದು ಅದೇ ಪತ್ರ ಅಚ್ಚು ಹಾಕುತ್ತದೆ. ನಮಗೆ ಉಳಿದದ್ದು ಸಹಿ. ಒಂದು ವರ್ಷದಲ್ಲಿ ಇನ್ನೂರ ಹದಿನಾಲ್ಕು ಪತ್ರಗಳಿಗೆ ಗೆರೆಯ ಮುಖ ನೋಡದೆ ಸಹಿ ಹಾಕಿದ್ದೇನೆ. ಅನುಮಾನ ನನ್ನ ಹುಟ್ಟುಗುಣ, ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಅಂಥವಳೂ ಯಂತ್ರದ ಮಾತಿಗೆ ಬೆರಳದ್ದಿ ನೋಡಲಿಲ್ಲ.

ನಮ್ಮವರು, ಅಂದಾನಪ್ಪ, ಹುಣಸಿಕಟ್ಟಿ ಬಸ್ಸಿನ ಕಂಡಕ್ಟರು. ದಿನಕ್ಕೆ ನಾಲ್ಕು ಸಲ ದೊಡ್ಡಹಳ್ಳದ ಸೇತುವೆ ದಾಟುತ್ತಾರೆ. ಆ ಸೇತುವೆಯ ಫಲಕದಲ್ಲಿ 'ಆಳ ೧೮.೪ ಮೀ.' ಎಂದಿದೆ, ಕೆಳಗೆ ನನ್ನ ಸಹಿ, ಆ ಇನ್ನೂರ ಹದಿನಾಲ್ಕರಲ್ಲಿ ಒಂದು. "ದಿನಾ ನಾಕು ಸಲ ನಿನ್ನ ಸಹಿ ಮ್ಯಾಲ ಬಸ್ಸು ಹಾಯಿಸ್ತೀವಿ ನೋಡು" ಎಂದು ಅವರು ನನ್ನನ್ನು ಛೇಡಿಸುವುದುಂಟು.

ಇರಲಿ. ವಿಷಯ ನೇಕಾರ ಓಣಿಯ ನೀರಿನ ಟ್ಯಾಂಕಿನದು.

ಎಂಟು ಕಂಬಗಳ ಮೇಲೆ ನಿಂತ, ಹತ್ತು ಲಕ್ಷ ಲೀಟರ್ ಹಿಡಿಸುವ ಟ್ಯಾಂಕು ಅದು. ಕಟ್ಟಿ ಮೂವತ್ತೊಂದು ವರ್ಷವಾಗಿದೆ. ಆದರೆ ಒಂದು ದಿನವೂ ಅದರಲ್ಲಿ ನಾಲ್ಕು ಲಕ್ಷದ ಮೇಲೆ ನೀರು ನಿಂತದ್ದಿಲ್ಲ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಟ್ಯಾಂಕು ತುಂಬುವುದೆಲ್ಲಿಂದ ಬಂತು? ಈಗ ತುಂಗಭದ್ರೆಯಿಂದ ಹೊಸ ಪೈಪು ಬಂದಿತ್ತು. ಬುಡಪತ್ರ ಸಿಕ್ಕರೆ ಸೋಮವಾರ ಟ್ಯಾಂಕನ್ನು ಮೊದಲ ಸಲ ಕಂಠಪೂರ್ತಿ ತುಂಬಿಸಿ ಇಡೀ ಊರಿಗೆ ದಿನವೂ ನೀರು ಬಿಡುವುದೆಂದು ಗೊತ್ತಾಗಿತ್ತು. ಕಂಠಪೂರ್ತಿ ಎಂದರೆ ಸಾವಿರ ಟನ್ನು. ಆ ಸಾವಿರ ಟನ್ನಿನ ನೆರಳಿನಲ್ಲಿ ಹದಿನಾರು ಮನೆಗಳಿವೆ. ಮೊದಲನೆಯದು ರುಕ್ಮವ್ವನದು. ಟ್ಯಾಂಕಿನ ನೆರಳು ಎಲ್ಲಿಗೆ ಬಂತೆಂದು ನೋಡಿಯೇ ಮಗ್ಗ ನಿಲ್ಲಿಸಿ ಊಟಕ್ಕೆ ಏಳುವ ಹೆಂಗಸು ಅವಳು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಟ್ಯಾಂಕಿನ ಪೈಲು ಇಳಿಸಿದ ಗ್ಯಾಂಗಿನ ಮೇಸ್ತ್ರಿ ನನ್ನ ಮಾವ, ಫಕೀರಪ್ಪ.

ಎಂಟೂ ಕಂಬಗಳ ಪಕ್ಕ ಬೋರು ಹಾಕಿ ಸೂಜಿ ಇಳಿಸಿದೆ. ಯಂತ್ರ ಎಂಟಕ್ಕೂ ಒಂದೇ ಅಂಕಿ ಬರೆಯಿತು: ಹನ್ನೆರಡೂವರೆ ಮೀಟರ್. ನಕ್ಷೆಯಲ್ಲಿದ್ದದ್ದೂ ಅಷ್ಟೇ. ಸಹಿ ಹಾಕಲು ಪೆನ್ನು ತೆಗೆದವಳು ಯಾಕೋ ಗೆರೆಗಳನ್ನೂ ಒಮ್ಮೆ ನೋಡೋಣವೆಂದುಕೊಂಡೆ. ಮಾವ ಕಟ್ಟಿದ ಟ್ಯಾಂಕು, ಅವರ ಕೆಲಸ ಒಳಗೆ ಹೇಗೆ ಕಾಣುತ್ತದೆ ಎಂಬ ಕುತೂಹಲ ಅಷ್ಟೇ. ಏಳು ಕಂಬಗಳ ಗೆರೆ ಹನ್ನೆರಡೂವರೆಯ ತನಕ ತೂಗಾಡಿ ಅಲ್ಲಿ ಸುಮ್ಮನಾಗಿತ್ತು. ಐದನೆಯದು ಏಳು ಮೀಟರಿಗೇ ಜಿಗಿದು ಸುಮ್ಮನಾಗಿತ್ತು. ನಾಲ್ಕು ಮೀಟರ್ ಏನೂ ಇಲ್ಲ. ಹನ್ನೊಂದಕ್ಕೆ ಬಂದಾಗ ಇದ್ದಕ್ಕಿದ್ದ ಹಾಗೆ ಎಲ್ಲಕ್ಕಿಂತ ದೊಡ್ಡ ಜಿಗಿತ, ಹನ್ನೆರಡೂವರೆಯ ತನಕ. ಆಮೇಲೆ ಮೌನ. ಯಂತ್ರ ಕೊನೆಯ ಕಬ್ಬಿಣವನ್ನು ಬುಡವೆಂದುಕೊಂಡಿತ್ತು.

ನಮ್ಮ ಕಚೇರಿಯ ಮುಖ್ಯಸ್ಥರು ಸಬರದ ಸಾಹೇಬರು. ಕೆಟ್ಟವರಲ್ಲ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಗೆರೆಯನ್ನು ಅವರ ಮುಂದಿಟ್ಟೆ.

"ಪಂಜರ ಎರಡು ತುಂಡಿನ್ಯಾಗ ಇಳಸಿರ್ತಾರ, ದಾಕ್ಷಾಯಣಿಯವರ. ಬೆಸುಗಿ ಜಾಗಾದಾಗ ಗೆರಿ ಸಣ್ಣಾಗತದ" ಎಂದರು.

"ಬೆಸುಗಿ ಗೇಣುದ್ದ ಇರ್ತೈತ್ರಿ ಸಾಹೇಬ್ರ. ನಾಕು ಮೀಟರ್ ಇರ್ತೈತೇನು?"

"ಯಂತ್ರ ಏನಂತದ?"

"ಹನ್ನೆರಡೂವರಿ ಅಂತೈತಿ."

"ಮತ್ತ? ಸಾವಿರಾರು ಪೈಲು ಓದಿಸಿ ತಯಾರು ಮಾಡಿದ ಯಂತ್ರ ಅದು. ನಿಮಗಿಂತ ನನಗಿಂತ ಶಾಣ್ಯಾ ಅದ." ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಈ ಟ್ಯಾಂಕು ಕಟ್ಟಿದವರು ನಿಮ್ಮ ಮಾವನವರಲ್ಲೇನು? ಮನಿಯೊಳಗ ಏನರ ಜಗಳ ಆಗೇದೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ಪೈಲು ಚೆನ್ನಾಗಿದೆ ಎಂದಿದ್ದರೆ ಮಾವನಿಗಾಗಿ ಮುಚ್ಚಿಟ್ಟಳು ಎನ್ನುತ್ತಿದ್ದರು, ಚೆನ್ನಾಗಿಲ್ಲ ಎಂದರೆ ಮಾವನ ಮೇಲಿನ ಸಿಟ್ಟು. ಸಹಿ ಹಾಕದೆ ಎದ್ದು ಬಂದೆ. ಸಂಜೆಯೊಳಗೆ ಸಾಹೇಬರೇ ತಮ್ಮ ಸಹಿ ಹಾಕಿ ಪತ್ರ ಕಳಿಸಿದರೆಂದು ತಿಳಿಯಿತು.

ಅಲ್ಲಿಗೆ ಅನುಮಾನ ನಿಲ್ಲಲಿಲ್ಲ, ನನ್ನ ಬೆನ್ನಿಗೇ ಮನೆಗೆ ಬಂತು. ನಾಲ್ಕು ಮೀಟರ್ ಕಬ್ಬಿಣ ಎಲ್ಲಿಗೆ ಹೋಯಿತು? ದಾರಿಯುದ್ದಕ್ಕೂ ಅದೇ. ಮೇಸ್ತ್ರಿಗಳ ಕೈಯಲ್ಲಿ ಕಬ್ಬಿಣ ಕರಗುವ ಕತೆ ಯಾರಿಗೆ ಗೊತ್ತಿಲ್ಲ? ಮಾವನವರು ಹಾಗಲ್ಲ ಎಂದು ಒಂದು ಮನಸ್ಸು. ಹಾಗಲ್ಲ ಎಂದು ನಿನಗೆ ಹೇಗೆ ಗೊತ್ತು ಎಂದು ಇನ್ನೊಂದು.

ಮನೆಗೆ ಬಂದಾಗ ಮಾವನವರು ಕಟ್ಟೆಯ ಮೇಲೆ ಕೂತು ಮಣ್ಣೆತ್ತು ಮಾಡುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ಎಂಟು ದಿನವಿತ್ತು. ಎತ್ತು ನೆರಳಿನಲ್ಲಿ ಒಣಗಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತವೆ ಎಂದು ಮುಂಚೆಯೇ ಕೂರುತ್ತಾರೆ. ಮಣ್ಣು ತರುವುದು ಟ್ಯಾಂಕಿನ ಬುಡದಿಂದ. ಅಲ್ಲಿಯ ಎರೆಮಣ್ಣು ಬೆಣ್ಣೆ ಇದ್ದ ಹಾಗೆ ಎನ್ನುತ್ತಾರೆ. ಅಮಾವಾಸ್ಯೆಯ ಬೆಳಿಗ್ಗೆ ಎತ್ತಿನ ಪೂಜೆಯಾದ ಮೇಲೆ ಎರಡು ಕಡಬು, ಒಂದು ಮುಷ್ಟಿ ಅನ್ನ, ಬೆಲ್ಲ ಎಲೆಯಲ್ಲಿ ಇಟ್ಟುಕೊಂಡು ಟ್ಯಾಂಕಿಗೆ ಹೋಗಿ ಎಡೆ ಇಟ್ಟು ಬರುತ್ತಾರೆ. ಮದುವೆಯಾಗಿ ಬಂದ ಹನ್ನೊಂದು ವರ್ಷವೂ ಆ ಎಡೆ ಕಟ್ಟಿಕೊಟ್ಟವಳು ನಾನೇ. ತಾನು ಕಟ್ಟಿದ್ದರ ಮೇಲೆ ಮುದುಕರಿಗೆ ಅಭಿಮಾನ ಎಂದುಕೊಂಡಿದ್ದೆ.

ಬುತ್ತಿ ಡಬ್ಬಿ ಕೆಳಗಿಡುವಾಗ ಒಂದು ನೆನಪು ಬಂತು. ಒಂದು ವರ್ಷ ಮಾವನವರಿಗೆ ಜ್ವರ ಬಂದಾಗ ಎಡೆ ಒಯ್ದವಳು ನಾನು. ಆಗ ಅವರು ಹಾಸಿಗೆಯಿಂದಲೇ ಕಂಬ ಯಾವುದೆಂದು ಎರಡು ಸಲ ಹೇಳಿ ಕಳಿಸಿದ್ದರು. ಮೆಟ್ಟಿಲಿನಿಂದ ಎಣಿಸಿ, ಐದನೆಯದು.

ಹೋಗಿ ಅವರ ಎದುರಿಗೆ ಕೂತೆ.

"ಮಾವಾರ, ಈ ಸಲ ಎಡಿ ನಾ ಒಯ್ಲೇನ್ರಿ?" ಎಂದೆ, ಏನೂ ಇಲ್ಲದವಳ ಹಾಗೆ.

"ಯಾಕವ್ವಾ, ನನಗೇನಾಗೇತಿ? ನಾನಽ ಹೊಕ್ಕೀನಿ."

"ಒಯ್ದು ಮೂರನೇ ಕಂಬಕ್ಕ ಇಡ್ತೀನಿ. ರುಕ್ಮವ್ವನ ಮನೀಗೆ ಹಂತ್ಯಾಕೈತಿ."

"ಮೂರನೇದಕ್ಕ ಬ್ಯಾಡ." ಮಾತು ಥಟ್ಟನೆ ಬಂತು.

"ಎಂಟೂ ಕಂಬ ಒಂದಽ ಅಲ್ಲೇನ್ರಿ? ಐದನೇದರಾಗ ಏನ ಐತಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನವರ ಬೆರಳು ಒತ್ತಿ ಎತ್ತಿನ ಒಂದು ಕೊಂಬು ಮುರಿಯಿತು. ಅದನ್ನು ಮತ್ತೆ ಅಂಟಿಸಲು ನೋಡಿದರು, ನಿಲ್ಲಲಿಲ್ಲ. ನನಗೆ ಅಷ್ಟು ಸಾಕಾಯಿತು, ಬಾಯಿ ತಡೆಯಲಿಲ್ಲ.

"ಕಬ್ಬಿಣ ಮಾರಿಕೊಂಡ್ರೇನು, ಮಾವಾರ?"

ಮಾವನವರು ಕತ್ತೆತ್ತಿದರು. ಹನ್ನೊಂದು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಆಡಿದ ಮಾತನ್ನು ನುಂಗಿಕೊಳ್ಳಲು ಬರುವಂತಿದ್ದರೆ ಆಗಲೇ ನುಂಗಿಕೊಳ್ಳುತ್ತಿದ್ದೆ.

"ಇಲ್ಲವ್ವಾ" ಎಂದರು. "ನಾ ಕದ್ದಿಲ್ಲ. ನೆಲಾ ನುಂಗೇತಿ. ನೆಲಾ ನುಂಗಿದ್ದರ ಹೆಸರು ಬಾಯಿಲೆ ಆಡಬಾರದು, ವರ್ಷಕ್ಕೊಮ್ಮೆ ಎಡಿ ಇಟ್ಟು ಸುಮ್ಮನಿರಬೇಕು. ಆಡಿದ್ರ ಅದು ಜೋಡಿಗೆ ಒಂದು ಜೀವಾ ಬೇಡತೈತಿ. ನಮ್ಮ ಗ್ಯಾಂಗಿನಾಗ ಹಿರೇರ ಕಾಲದಿಂದ ಬಂದ ಮಾತು."

ಪೈಲಿನ ಕೆಲಸದವರನ್ನು ಹತ್ತಿರದಿಂದ ಕಂಡ ನನಗೆ ಆಗ ಹೊಳೆಯಿತು. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ವಿಂಚಿನ ರಾಟೆಯಿಂದ ತಂತಿಹಗ್ಗ ಬಿಟ್ಟು, ಟನ್ನು ತೂಕದ ಕಬ್ಬಿಣದ ಉಳಿ, ಅಂದರೆ ಚೀಸಲನ್ನು ಎತ್ತಿ ಎತ್ತಿ ಹಾಕಿ ಕುಣಿ ಕೊರೆಯುತ್ತಿದ್ದ ಕಾಲ ಅದು. ಹಗ್ಗ ಹರಿದರೆ ಚೀಸಲ್ ಕುಣಿಯ ತಳಕ್ಕೆ. ಮೇಲಿನಿಂದ ಮಣ್ಣು ಕುಸಿದು ಅದನ್ನು ಮುಚ್ಚುತ್ತದೆ. ಅಂಥ ಕುಣಿಯನ್ನು ಬಿಟ್ಟು ಪಕ್ಕದಲ್ಲಿ ಹೊಸದು ತೆಗೆಯಬೇಕು. ತೆಗೆಯದೆ ಉಳಿದ ಆಳಕ್ಕೇ ಪಂಜರ ಕತ್ತರಿಸಿ ಕಾಂಕ್ರೀಟು ಸುರಿದರೆ? ಪೈಲು ನಿಂತಿರುವುದು ಬಂಡೆಯ ಮೇಲಲ್ಲ, ಕುಸಿದ ಸಡಿಲ ಮಣ್ಣಿನ ಮೇಲೆ. ಅದರ ಕೆಳಗೆ ಅನಾಥವಾಗಿ ಬಿದ್ದ ಚೀಸಲ್. ಯಂತ್ರ ಬುಡವೆಂದು ಓದಿದ್ದು ಅದನ್ನೇ. ಯಂತ್ರವನ್ನು ತಯಾರು ಮಾಡಿದ ಪ್ರಯೋಗಾಲಯದಲ್ಲಿ ಯಾರೂ ಚೀಸಲ್ ಕಳೆದುಕೊಂಡಿರಲಿಲ್ಲ.

"ಚೀಸಲ್ ಅಲ್ಲೇನ್ರಿ?" ಎಂದೆ.

ಮಾವನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

"ಮಾವಾರ, ಜೋಡಿ ಬೇಡತೈತಿ ಅಂತ ಅಂಜಿ ಮೂವತ್ತೊಂದು ವರ್ಷ ಸುಮ್ಮನಿದ್ರಿ. ಬರೂ ಸೋಮವಾರ ಟ್ಯಾಂಕು ತುಂಬಸ್ತಾರ. ನೀವು ಸುಮ್ಮನಿದ್ರ ಹದಿನಾರು ಮನಿ ಜೋಡಿ ಕೊಟ್ಟಂಗ ಆಗತೈತಿ."

ಅವರು ಕೊಂಬು ಮುರಿದ ಎತ್ತನ್ನು ಹಲಗೆಯ ಮೇಲೆ ಇಟ್ಟು, ಕೈ ತೊಳೆದು ಒಳಗೆ ಹೋದರು.

ಮರುದಿನ, ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಮಾವನವರು ಇಲ್ಲ. ಗೂಟದಲ್ಲಿ ಅವರ ಚೀಲವೂ ಇಲ್ಲ, ರುಮಾಲೂ ಇಲ್ಲ. ಭಾನುವಾರವೂ ಬರಲಿಲ್ಲ. ನಮ್ಮವರು ನನ್ನ ಮೇಲೆ ಹರಿಹಾಯ್ದರು. "ಎಪ್ಪತ್ತೆರಡು ವರ್ಷದ ಮುದುಕನ್ನ ಕಳ್ಳಾ ಅಂದೆಲ್ಲ, ನಿನ್ನ ಸೂಜಿ ಮನಿಯೊಳಗೂ ಇಳಸಬೇಕಾಗಿತ್ತೇನು?" ನಾನು ಅಳುತ್ತಲೇ ರೊಟ್ಟಿ ಬಡಿದೆ. ಅಳುವಿನ ನಡುವೆಯೂ ನನ್ನ ಹಾಳು ಬುದ್ಧಿ ಒಂದು ಮಾತು ಹೇಳುತ್ತಿತ್ತು: ಓಡಿಹೋದವರು ನಿರಪರಾಧಿಗಳಾಗಿರುವುದಿಲ್ಲ.

ಸೋಮವಾರ ಹತ್ತು ಗಂಟೆಗೆ ಟ್ಯಾಂಕಿನ ಕೆಳಗೆ ಜಾತ್ರೆಯಂತೆ ಜನ. ದೊಡ್ಡ ವಾಲ್ವಿಗೆ ಚೆಂಡುಹೂವಿನ ಮಾಲೆ. ಹೊಸ ಕೊಡಗಳನ್ನು ತಂದು ಸಾಲು ಹಚ್ಚಿದ್ದರು. ನಾನು ಸಬರದ ಸಾಹೇಬರ ಹಿಂದೆ ಹಿಂದೆ ಸುತ್ತಿ ಕೈಮುಗಿದೆ. "ಎರಡು ದಿನಾ ತಡೀರಿ ಸಾಹೇಬ್ರ. ಇನ್ನೊಂದು ಬೋರ್ ಹಾಕಿ ನೋಡೂಣು."

"ಮೂವತ್ತೊಂದು ವರ್ಷ ನಿಂತದ. ಇನ್ನ ಎರಡು ದಿನದಾಗ ಏನ ಹೊಸಾದು ಕಾಣತದ?" ಎಂದರು.

"ಅರ್ಧಕ್ಕಿಂತ ಹೆಚ್ಚು ಯಾವತ್ತರ ತುಂಬೇತೇನ್ರಿ ಇದು?"

ಸುತ್ತ ನಿಂತಿದ್ದ ಹೆಂಗಸರ ಕಿವಿಗೆ ಅದು ಬಿತ್ತು. "ನೀರು ಬರೂ ಹೊತ್ತಿಗೆ ಅಪಶಕುನ ನುಡೀತಾಳ ನೋಡ" ಎಂದು ಒಬ್ಬಳು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಇನ್ನೊಬ್ಬಳು ನನ್ನ ಮನೆಯಲ್ಲಿ ಸ್ವಂತ ಬೋರಿದೆಯೆಂದು ಸೇರಿಸಿದಳು. ಅದು ನಿಜವೇ, ಏನು ಹೇಳಲಿ? ನನ್ನ ಅನುಮಾನ ನನಗೊಬ್ಬಳಿಗೇ ಇದ್ದಾಗ ಅದು ಎಚ್ಚರ ಅನಿಸುತ್ತಿತ್ತು. ಈಗ ಇಡೀ ಓಣಿ ನನ್ನನ್ನು ಅನುಮಾನದಿಂದ ನೋಡುವಾಗ ಅದರ ರುಚಿ ಗೊತ್ತಾಯಿತು.

ಆಗ ಗುಂಪಿನ ಹಿಂದಿನಿಂದ ದಾರಿ ಬಿಡಿಸಿಕೊಂಡು ಇಬ್ಬರು ಮುದುಕರು ಬಂದರು. ಒಬ್ಬರು ಮಾವನವರು. ಅವರ ಹೆಗಲು ಹಿಡಿದು ಬಂದವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಕೈಯಲ್ಲಿ ಸುತ್ತಿಟ್ಟ ತುಕ್ಕುಹಿಡಿದ ತಂತಿಹಗ್ಗದ ತುಂಡಿತ್ತು.

"ಇಂವ ಹುಸೇನಸಾಬ" ಎಂದರು ಮಾವನವರು, ಸಾಹೇಬರಿಗೆ. "ನಮ್ಮ ಗ್ಯಾಂಗಿನ ವಿಂಚು ನಡಸಾಂವ. ನೆಲಾ ನುಂಗಿದ್ದನ್ನ ಒಬ್ಬನಽ ಹೇಳಬಾರದು, ಕಂಡವರಿಬ್ಬರೂ ಕೂಡೇ ಹೇಳಬೇಕಂತ ನಮ್ಮಲ್ಲೆ ಐತ್ರಿ. ಹೇಳಾಕಂತೂ ಯಾರೂ ಹೇಳಿಲ್ಲ ಇಲ್ಲೀತನಕಾ. ಇಂವ ಮಗಳ ಊರಿನ್ಯಾಗಿದ್ದ. ಹುಡುಕಿ ಕರಕೊಂಡ ಬರಾಕ ಎರಡು ದಿನಾ ಹಿಡೀತು."

ಆಮೇಲೆ ಐದನೆಯ ಕಂಬದ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟರು.

"ಇದರ ಬುಡದಾಗ ನಮ್ಮ ಚೀಸಲ್ ಐತಿ. ಇಪ್ಪತ್ತಮೂರು ಫೂಟಿಗೆ ಪಂಜರ ಮುಗೀತೈತಿ. ಆಮ್ಯಾಲ ಹದಿಮೂರು ಫೂಟು ಬರೇ ಕುಸದ ಮಣ್ಣು. ಮೂವತ್ತಾರಕ್ಕ ಚೀಸಲ್, ಐದು ಫೂಟಿಂದು. ಮರುದಿವ್ಸ ಕಾಂಕ್ರೀಟ್ ಬರೂದಿತ್ತು. ಹೊಸಾ ಕುಣಿ ತಗದ್ರ ಹದಿನೈದು ದಿವ್ಸ ಬೇಕು, ಗುತ್ತಿಗಿದಾರ ಬ್ಯಾಡಂದ. ನಾನೂ ಹೂಂ ಅಂದೆ. ಉಳದ ಏಳು ಹೊರ್ತಾವು ಅಂದಕೊಂಡೆ. ತಪ್ಪು ನಂದು."

ಸಾಹೇಬರು ಕೈಯಲ್ಲಿದ್ದ ತೆರೆಯ ಮೇಲೆ ಐದನೆಯ ಕಂಬದ ಗೆರೆ ತೆಗೆದು ನೋಡಿದರು. ಏಳು, ಹನ್ನೊಂದು, ಹನ್ನೆರಡೂವರೆ. ಫೂಟಿಗೆ ತಿರುಗಿಸಿದರೆ ಮುದುಕರು ಹೇಳಿದ್ದೇ. ಅವರ ಹಣೆಯ ಮೇಲೆ ಬೆವರು ಕಂಡೆ. ಆದರೂ ಅಂದರು, "ಸೊಸಿ ಹೇಳಿಕೊಟ್ಟಿರಬೇಕು."

"ಸೊಸೀಗೆ ಗೊತ್ತಿಲ್ಲದ್ದು ನಾ ಹೇಳ್ತೀನ್ರಿ" ಎಂದ ಹುಸೇನಸಾಬ, ಹಗ್ಗದ ತುಂಡನ್ನು ಸಾಹೇಬರ ಕಾಲ ಬಳಿ ಇಟ್ಟು. "ವಿಂಚಿನ್ಯಾಗ ನಾನಿದ್ದೆ. ಹರದದ್ದು ಇದಽ ಹಗ್ಗ. ಚೀಸಲ್ ನೆಟ್ಟಗ ನಿಂತಿಲ್ಲ, ಹಣಮಪ್ಪನ ಗುಡಿ ಕಡೆ ವಾಲೇತಿ. ನೀವು ಬೋರ್ ಹಾಕಿದ್ದು ಈ ಕಡೆ. ಗುಡಿ ಕಡೆ ಹಾಕಿ ಸೂಜಿ ಬಿಡ್ರಿ. ಇದಕ್ಕಿಂತ ಜೋರು ಜಿಗೀಲಿಲ್ಲಂದ್ರ ನನ್ನ ಇನ್ನೊಂದು ಕಣ್ಣೂ ಹೋಗಲಿ."

ಸಾಹೇಬರು ಸಮಯ ನೋಡಿಕೊಂಡರು, ಫೋನು ನೋಡಿಕೊಂಡರು, ಜನರನ್ನು ನೋಡಿದರು. ಅವರಿಗೆ ತೀರ್ಮಾನ ಕಷ್ಟವಾಗುತ್ತಿತ್ತು. ಅದನ್ನು ಅವರ ಕೈಯಿಂದ ಕಸಿದುಕೊಂಡವಳು ರುಕ್ಮವ್ವ. ಸಾಲಿನಲ್ಲಿದ್ದ ತನ್ನ ಹೊಸ ಕೊಡ ಎತ್ತಿಕೊಂಡು ಬಂದು ವಾಲ್ವಿನ ಕಟ್ಟೆಯ ಮೇಲೆ ಬೋರಲು ಹಾಕಿ, ಮಾಲೆ ಸರಿಸಿ, ಅದರ ಪಕ್ಕ ಕೂತಳು.

"ಬೋರ್ ಹಾಕಿ ನೋಡೂತನಕಾ ನಾ ಏಳೂದಿಲ್ಲ. ಎಂಟು ದಿನಕ್ಕೊಮ್ಮೆ ನೀರು ಹಿಡದು ಗೊತ್ತೈತಿ ನಮಗ. ಸಾಯೂದು ಗೊತ್ತಿಲ್ಲ."

ಬುಧವಾರ ಗುಡಿಯ ಕಡೆ ಬೋರು ಹಾಕಿದೆವು. ಸೂಜಿ ಇಳಿಸಿದವಳು ನಾನು, ಸಾಹೇಬರು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಏಳು ಮೀಟರಿಗೆ ಗೆರೆ ಸುಮ್ಮನಾಯಿತು. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ಬರುತ್ತಲೇ ಗೆರೆ ತೆರೆಯ ಅಂಚು ದಾಟಿ ಹೊರಗೆ ಹೋಯಿತು. ಬೋರಿನಲ್ಲಿ ಬಂದ ಮಣ್ಣು ಅಂಗೈಯಲ್ಲಿ ಹಿಸುಕಿದರೆ ಸೋರಿಹೋಗುವಷ್ಟು ಸಡಿಲ. ಸಾಹೇಬರು ತಮ್ಮ ಸಹಿಯಿದ್ದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆವತ್ತು ಅವರು ಹಾಗೆ ಅನ್ನಲಿಲ್ಲ.

ಟ್ಯಾಂಕನ್ನು ಖಾಲಿ ಮಾಡಿದರು. ಹೊಸ ಫಲಕ ಬಡಿದರು: 'ಆಳ ೭.೦ ಮೀ., ನೀರು ತುಂಬಬಾರದು.' ಐದನೆಯ ಕಂಬಕ್ಕೆ ಆಸರೆ ಕೊಟ್ಟು ಹೊಸ ಪೈಲು ಹಾಕಲು ಒಂದು ವರ್ಷವಂತೆ. ಅಲ್ಲಿಯವರೆಗೆ ನೇಕಾರ ಓಣಿಗೆ ವಾರಕ್ಕೊಂದು ಟ್ಯಾಂಕರು. ಹದಿನಾರು ಮನೆಯವರು ಬಂದು ಮಾವನವರ ಕೈ ಹಿಡಿದರು ಎಂದು ಬರೆಯಲು ನನಗೂ ಆಸೆ. ಬಂದವರು ಇಬ್ಬರು. ಉಳಿದವರು ನಮ್ಮ ಮನೆಯ ಮುಂದೆ ಹಾಯುವಾಗ ಕೊಡವನ್ನು ಬೇಕೆಂದೇ ಸದ್ದು ಮಾಡುತ್ತಾರೆ. ಮಾವನವರ ಮೇಲೆ ವಿಚಾರಣೆಯ ನೋಟಿಸು ಬಂತು. ಅದನ್ನು ಓದಿಸಿಕೊಂಡು, ಮಡಿಚಿ, ದೇವರ ಮಾಡದಲ್ಲಿ ಇಟ್ಟರು. ನಾನು ಅವರ ಕಾಲಿಗೆ ಬಿದ್ದು ಆ ದಿನದ ಮಾತಿಗೆ ಕ್ಷಮೆ ಕೇಳಿದೆ. "ಅನುಮಾನ ಬರೂವಂಥಾ ಕೆಲಸಾ ಮಾಡಿದ್ದೆ ಯವ್ವಾ. ಬಂತು" ಎಂದರು. ಅಷ್ಟೇ.

ಅಮಾವಾಸ್ಯೆ ಬಂತು. ಒಂದು ಕೊಂಬಿನ ಎತ್ತಿಗೂ ಪೂಜೆಯಾಯಿತು. ನಾನು ರೂಢಿಯಂತೆ ಎಲೆಯಲ್ಲಿ ಕಡಬು ಕಟ್ಟಿ ಮಾವನವರ ಮುಂದೆ ಹಿಡಿದೆ.

"ಬ್ಯಾಡವ್ವಾ, ಹೆಸರು ಹೇಳಿದ ಮ್ಯಾಲ ಎಡಿ ಇಲ್ಲ" ಎಂದರು. ಆಮೇಲೆ ರುಮಾಲು ಸುತ್ತಿಕೊಳ್ಳುತ್ತ, "ನೀ ಚಪ್ಪಲಿ ಮೆಟಗೊ. ನಿನಗೊಂದ ತೋರಸೂದೈತಿ" ಎಂದರು.

ಆಟೋ ಹಿಡಿದು ಊರ ಹೊರಗೆ ಬಂದೆವು. ಎಲ್ಲಿಗೆ ಎಂದು ಕೇಳಿದರೆ ಹೇಳಲಿಲ್ಲ. ದೊಡ್ಡಹಳ್ಳದ ಹತ್ತಿರ ಆಟೋ ನಿಲ್ಲಿಸಿ, ಸೇತುವೆಯ ಮಗ್ಗುಲಿನ ಕಾಲುದಾರಿಯಲ್ಲಿ ನನ್ನ ಕೈ ಹಿಡಿದು ಇಳಿಸಿದರು. ಹಳ್ಳದಲ್ಲಿ ಕೆಂಪು ನೀರು ಅರ್ಧ ಹರಿಯುತ್ತಿತ್ತು. ಮೇಲೆ ಲಾರಿಯೊಂದು ಹಾದು ಹೋಯಿತು.

"ಪೈಲು ಹಾಕಾಕ ನಮ್ಮದೊಂದಽ ಗ್ಯಾಂಗ್ ಇತ್ತೇನವ್ವಾ?" ಎಂದರು ಮಾವನವರು. "ಈ ಸೀಮಿಯೊಳಗ ಹನ್ನೊಂದು ಗ್ಯಾಂಗ್ ಇದ್ದುವು. ಎಲ್ಲಾರಿಗೂ ಒಂದಽ ರೂಢಿ. ಯಾರದು ಎಲ್ಲಿ ಹೋತು ಅಂತ ನಾವು ಕೇಳತಿದ್ದಿಲ್ಲ, ಹೇಳತಿದ್ದಿಲ್ಲ. ಆದ್ರ ಇವತ್ತ ಒಂದ ದಿನಾ..."

ಅವರು ಮಾತು ಮುಗಿಸುವ ಮೊದಲೇ ನನಗೆ ಕಂಡಿತು. ದಂಡೆಯಿಂದ ಎರಡನೆಯ ಕಂಬದ ಬುಡದಲ್ಲಿ ಒಂದು ಮುತ್ತುಗದ ಎಲೆ. ಅದರ ಮೇಲೆ ಎರಡು ಕಡಬು, ಅನ್ನ, ಬೆಲ್ಲದ ಹರಳು. ಇರುವೆ ಇನ್ನೂ ಮುತ್ತಿರಲಿಲ್ಲ. ಇಟ್ಟು ಗಂಟೆಯೂ ಆಗಿರಲಿಲ್ಲ. ಅದರಾಚೆ, ನಾಲ್ಕನೆಯ ಕಂಬಕ್ಕೆ ಒರಗಿಸಿದಂತೆ ಇನ್ನೊಂದು ಎಲೆ.

ಕತ್ತೆತ್ತಿದೆ. ಕಟಕಟೆಯ ಹೊರಬದಿಗೆ ಬಡಿದ ಫಲಕ ಬಿಸಿಲಿಗೆ ಹೊಳೆಯುತ್ತಿತ್ತು. ೧೮.೪ ಮೀ. ಅದರ ಕೆಳಗೆ ನನ್ನದೇ ಸಹಿ.

ನಮ್ಮವರಿಗೆ ಫೋನು ಹಚ್ಚಿದೆ.

"ಎಲ್ಲದೀರಿ?" ಎಂದೆ.

"ದೊಡ್ಡಹಳ್ಳದ ಇಳುಕಲಿನ್ಯಾಗ ಬಂದೀವಿ" ಎಂದರು ನಮ್ಮವರು. ಹಿಂದೆ ಬಸ್ಸಿನ ಗದ್ದಲ. "ಹಬ್ಬದ ಗದ್ದಲಾ, ಕಾಲಿಡಾಕ ಜಾಗಿಲ್ಲ. ಯಾಕ?"

"ಬಸ್ ನಿಂದರಸ್ರಿ. ಸೇತುವಿ ಮ್ಯಾಲ ಬರಬ್ಯಾಡ್ರಿ."

ಅವರು ನಕ್ಕರು. "ಯಾಕ, ನಿನ್ನ ಸಹಿ ಐತೆಲ್ಲಾ ಅದಕ್ಕ?"

"ಐತ್ರಿ. ಅದಕ್ಕಽ ಹೇಳಾಕತ್ತೀನಿ."

ಫೋನು ಕಟ್ಟಾಯಿತು. ಮೇಲೆ ಇಳುಕಲಿನಲ್ಲಿ ಬಸ್ಸಿನ ಸದ್ದು ಹತ್ತಿರವಾಗುತ್ತಿತ್ತು. ಮಾವನವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಆಗ ಒಂದು ಸೀಟಿ ಕೇಳಿಸಿತು. ಕಂಡಕ್ಟರನ ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ಎರಡನೆಯದು ಬಂದೀತೇನೋ ಎಂದು ನಾನು ಕಿವಿಗೊಟ್ಟು ನಿಂತೆ.